ಒಂಟಿ ಗಂಡಸಿಗೆ ಪ್ರವೇಶವಿಲ್ಲ

ಬೆಂಗಳೂರಿನಲ್ಲಿ ಐವತ್ತು ದಾಟಿದ ಗೃಹಸ್ಥನೊಬ್ಬ ಬಹಿರಂಗವಾಗಿ ಕುಣಿಯಬಹುದಾದ ಸಂದರ್ಭಗಳು ಮೂರೇ ಮೂರು. ಬೀದಿ ಗಣಪತಿ ಬಿಡುವ ದಿನ ಟ್ರ್ಯಾಕ್ಟರಿನ ಮುಂದೆ, ನವೆಂಬರಿನ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಸ್ಟೇಜಿನ ಕೆಳಗೆ, ಮತ್ತು ಇತ್ತೀಚೆಗೆ ನಮ್ಮ ಮದುವೆಗಳಿಗೂ ನುಗ್ಗಿರುವ 'ಸಂಗೀತ್' ಎಂಬ ರಾತ್ರಿಯಲ್ಲಿ. ಮೂರಕ್ಕೂ ಷರತ್ತು ಒಂದೇ. ನಾಲ್ಕು ಜನ ಕೈಹಿಡಿದು ಎಳೆಯಬೇಕು, ನಾವು "ಛೇ ಛೇ, ನಂಗೆ ಬರಲ್ಲ" ಎನ್ನಬೇಕು, ಆಮೇಲೆ ಕುಣಿಯಬೇಕು. ಯಾರೂ ಎಳೆಯದೆ ತಾನಾಗಿ ಎದ್ದು ಹೋಗಿ ಕುಣಿದವನನ್ನು ಜನ ಮೊದಲು ಮೂಸಿ ನೋಡುತ್ತಾರೆ. ವಾಸನೆ ಬರದಿದ್ದರೆ ವಿಡಿಯೊ ಮಾಡುತ್ತಾರೆ.

ನನ್ನ ವಿಡಿಯೊ ಒಂದು ಈಗಾಗಲೇ ಚಲಾವಣೆಯಲ್ಲಿದೆ. ಷಡ್ಡಕನ ಮಗಳ ಮದುವೆಯಲ್ಲಿ ತೆಗೆದದ್ದು. ಅದರಲ್ಲಿ ನಾನು ಎರಡೂ ಕೈ ಮೇಲೆತ್ತಿ, ಕಾಣದ ಎರಡು ಬಲ್ಬುಗಳನ್ನು ಭಕ್ತಿಯಿಂದ ತಿರುಗಿಸುತ್ತಿದ್ದೇನೆ. ಫ್ಯಾಮಿಲಿ ಗ್ರೂಪಿನಿಂದ ಅದು ಬ್ಯಾಂಕಿನ ಸ್ಟಾಫ್ ಗ್ರೂಪಿಗೆ ಯಾವ ದಾರಿಯಲ್ಲಿ ಹೋಯಿತೋ ದೇವರಿಗೇ ಗೊತ್ತು. ವಲಯ ಕಚೇರಿಯ ರಿವ್ಯೂ ಮೀಟಿಂಗಿನಲ್ಲಿ ಸಾಹೇಬರು ನನ್ನ ಶಾಖೆಯ ಸಾಲ ವಸೂಲಿಯ ಲೆಕ್ಕ ಕೇಳುವ ಮೊದಲು, "ಏನ್ರೀ, ಬಲ್ಬ್ ಹತ್ತಿತಾ?" ಎಂದರು. ಎದುರಿಗಿದ್ದ ಇಪ್ಪತ್ತು ಮಂದಿ ಮ್ಯಾನೇಜರುಗಳು ಕಡತದೊಳಗೆ ಮುಖ ಹುದುಗಿಸಿಕೊಂಡು ನಕ್ಕರು.

ಆದ್ದರಿಂದ, "ಅಪ್ಪಾ, ಟೆಕ್ನೊ ಪಾರ್ಟಿಗಳಲ್ಲಿ ಬಾಗಿಲಲ್ಲೇ ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸಿಬಿಡ್ತಾರೆ" ಎಂದು ಮಗಳು ಊಟದ ಹೊತ್ತಿನಲ್ಲಿ ಅಂದಾಗ, ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳಿಯಿತು. ಅವಳು ಮರೆತು ಬಿಟ್ಟುಹೋಗಿದ್ದ ಇಯರ್‌ಫೋನ್ ಹಾಕಿಕೊಂಡು ಮೆಟ್ರೊದಲ್ಲಿ ಅವಳ ಹಾಡುಗಳನ್ನು ಕೇಳುವ ಚಟ ನನಗೆ ಆಗಲೇ ಹತ್ತಿತ್ತು. ಹಾಡು ಎಂದರೆ ಅದರಲ್ಲಿ ಮಾತಿಲ್ಲ, ಪಲ್ಲವಿಯಿಲ್ಲ. ನಿಮಿಷಕ್ಕೆ ನೂರಮೂವತ್ತರ ಆಸುಪಾಸಿನಲ್ಲಿ ಒಂದೇ ಪೆಟ್ಟು, ಅದರ ಸುತ್ತ ಏನೇನೋ ಕೀಚಲು. ಕಾಲು ತಾನಾಗಿ ಆಡುತ್ತಿತ್ತು. ಒಂದು ದಿನ ಪಕ್ಕದಲ್ಲಿದ್ದ ಹೆಂಗಸು "ಶುಗರ್ ಚೆಕ್ ಮಾಡಿಸ್ಕೊಳ್ಳಿ" ಎಂದು ಸಲಹೆ ಕೊಟ್ಟು ಬೇರೆ ಸೀಟಿಗೆ ಹೋಗಿ ಕೂತರು. ಕುಣಿಯುವ ಆಸೆ ಒಳಗಿದೆ, ಕ್ಯಾಮೆರಾ ಇಲ್ಲದ ಜಾಗ ಊರಿನಲ್ಲಿದೆ. ಇನ್ನೇನು ಬೇಕು?

ಬ್ಯಾಂಕಿನ ಬಡ್ತಿ ಪರೀಕ್ಷೆಗೂ ಅಷ್ಟು ಓದದ ನಾನು ಇದಕ್ಕೆ ಓದಿದೆ. ಈ ಸಂಗೀತವನ್ನು 1980ರ ದಶಕದಲ್ಲಿ ಕಟ್ಟಿದವರು ಅಮೆರಿಕದ ಡೆಟ್ರಾಯಿಟ್ ಬಳಿಯ ಬೆಲ್‌ವಿಲ್‌ನಲ್ಲಿ ಒಂದೇ ಶಾಲೆಗೆ ಹೋಗುತ್ತಿದ್ದ ಮೂವರು ಕಪ್ಪು ಹುಡುಗರು: ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಗೋಡೆ ಬಿದ್ದ ಮೇಲೆ ಬರ್ಲಿನ್ ಇದನ್ನು ಮನೆಮಗನಾಗಿ ದತ್ತು ತೆಗೆದುಕೊಂಡಿತು. ಅಲ್ಲಿ ಬೆರ್ಗೈನ್ ಎಂಬ ಕ್ಲಬ್ಬಿದೆ, 2004ರಲ್ಲಿ ಹಳೆಯ ವಿದ್ಯುತ್ ಸ್ಥಾವರವೊಂದರಲ್ಲಿ ಶುರುವಾದದ್ದು. ಶನಿವಾರ ರಾತ್ರಿ ತೆಗೆದರೆ ಸೋಮವಾರ ಬೆಳಿಗ್ಗೆ ತನಕ ನಿಲ್ಲಿಸುವುದಿಲ್ಲ. ಸ್ಟಿಕ್ಕರ್ ಪದ್ಧತಿಗೂ ಕಪ್ಪು ಬಟ್ಟೆಗೂ ಅದು ಹೆಸರುವಾಸಿ. 2024ರಲ್ಲಿ ಜರ್ಮನಿಯವರು ಬರ್ಲಿನ್ನಿನ ಟೆಕ್ನೊವನ್ನು ತಮ್ಮ ದೇಶದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿಸಿದ್ದಾರೆ.

ಈ ಕೊನೆಯ ಅಂಶವನ್ನು ಹೆಂಡತಿಯ ಮುಂದೆ ಬ್ರಹ್ಮಾಸ್ತ್ರವಾಗಿ ಬಿಟ್ಟೆ.

"ಪರಂಪರೆ ಬೇಕಿದ್ರೆ ಅಮಾವಾಸ್ಯೆ ತರ್ಪಣ ಬಿಡಿ. ಹೋದ್ಸಲನೂ ತಪ್ಪಿಸಿದ್ರಿ" ಎಂದಳು.

"ನೀನೂ ಬಾರೆ, ಜೊತೆಗಿರುತ್ತೆ."

"ಮಂಡೆ ಸಮ ಇದ್ಯಾ ನಿಮ್ಗೆ? ನಂಗೆ ಕಿವಿ ಬೇಕು. ಬೆಳಿಗ್ಗೆ ಎದ್ದು ಕುಕ್ಕರ್ ಸೀಟಿ ಎಣಿಸ್ಬೇಕು."

ಮಗಳನ್ನು ಕೇಳಿದೆ. ಅವಳು ಮಾತಾಡದೆ ನನ್ನನ್ನೇ ನೋಡಿದಳು. ಆ ನೋಟವನ್ನು ಕನ್ನಡಕ್ಕೆ ತರುವ ಶಕ್ತಿ ನನಗಿಲ್ಲ. ಆದರೂ ಕನಿಕರಪಟ್ಟು ತನ್ನ ಫೋನಿನಿಂದ ಟಿಕೆಟ್ ತೆಗೆಸಿಕೊಟ್ಟಳು. ಜಾಗದ ಹೆಸರು ಟಿಕೆಟ್ಟಿನಲ್ಲಿರಲಿಲ್ಲ. ಅದು ಆ ದಿನ ಸಂಜೆ ಮೆಸೇಜಿನಲ್ಲಿ ಬರುತ್ತದಂತೆ. ರಿಸರ್ವ್ ಬ್ಯಾಂಕಿನಿಂದ ಹಣದ ಪೆಟ್ಟಿಗೆ ಬರುವಾಗಲೂ ಶಾಖೆಗೆ ಇಷ್ಟು ಗುಟ್ಟು ಮಾಡುವುದಿಲ್ಲ.

ಕಪ್ಪು ಬಟ್ಟೆಯ ವಿಷಯದಲ್ಲಿ ಒಂದು ತೊಡಕಿತ್ತು. ಬ್ಯಾಂಕ್ ಅಧಿಕಾರಿಯ ಬೀರುವಿನಲ್ಲಿ ತಿಳಿ ನೀಲಿ, ತಿಳಿ ಹಳದಿ ಮತ್ತು ತಿಳಿ ಬೇಸರದ ಬಣ್ಣಗಳು ಮಾತ್ರ ಇರುತ್ತವೆ. ಗಾಂಧಿ ಬಜಾರಿನಲ್ಲಿ ಹೊಸದೊಂದು ಕಪ್ಪು ಶರ್ಟು ಕೊಂಡೆ. ತಿಂಗಳು ಡಿಸೆಂಬರ್. ರಜೆಯ ಸೋಮಾರಿತನದಲ್ಲಿ ನಾಲ್ಕು ದಿನ ಗಡ್ಡ ತೆಗೆದಿರಲಿಲ್ಲ. ಸಂಜೆ ಆಟೊಗೆ ಕೈ ತೋರಿಸಿದರೆ, ಚಾಲಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಎರಡೂ ಕೈ ಜೋಡಿಸಿದ.

"ಸ್ವಾಮಿ ಶರಣಂ. ಎಲ್ಲಿಗೆ ಸ್ವಾಮಿ?"

"ಕೋರಮಂಗಲ."

"ಪಡಿಪೂಜೆನಾ ಸ್ವಾಮಿ?"

ಇಲ್ಲ ಎಂದರೆ ಏನು ಎಂದು ಹೇಳಬೇಕಾಗುತ್ತಿತ್ತು. "ರಾತ್ರಿ ಕಾರ್ಯಕ್ರಮ ಇದೆ" ಎಂದೆ. ಅದು ಸುಳ್ಳಲ್ಲ. ಆತ ಮೀಟರ್ ಹಾಕಿದ. ಇಳಿಯುವಾಗ ಮೀಟರಿನಷ್ಟೇ ದುಡ್ಡು ತೆಗೆದುಕೊಂಡ, ಚಿಲ್ಲರೆ ಲೆಕ್ಕ ಮಾಡಿ ವಾಪಸ್ ಕೊಟ್ಟ, "ನನ್ನ ಹೆಸರಲ್ಲೂ ಒಂದು ನಮಸ್ಕಾರ ಹಾಕಿ" ಎಂದ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಬಾಳಿದ ಮೇಲೆ ಸಿಕ್ಕಿದ ಇಂಥ ಆಟೊ ಪ್ರಯಾಣವನ್ನು ನಾನು ಅನರ್ಹನಾಗಿ ಅನುಭವಿಸಿದೆ.

ಟಿಕೆಟ್ಟಿನಲ್ಲಿ ರಾತ್ರಿ 8 ಗಂಟೆ ಎಂದಿತ್ತು. ಕೌಂಟರ್ ತೆಗೆಯುವ ಶಿಸ್ತಿನಲ್ಲಿ ಬದುಕಿದವನು 7.50ಕ್ಕೆ ಬಾಗಿಲಲ್ಲಿದ್ದೆ. ಒಂದು ಬಾರಿನ ಕೆಳಗಿನ ನೆಲಮಾಳಿಗೆ. ಬೋರ್ಡಿಲ್ಲ, ದೀಪವಿಲ್ಲ. ಬಾಗಿಲಿಗೆ ಅಡ್ಡಲಾಗಿ ಇಬ್ಬರು ಬೌನ್ಸರುಗಳು. ಅವರ ತೋಳಿನ ಸುತ್ತಳತೆ ನನ್ನ ಸೊಂಟದ್ದು.

"ಸಿಂಗಲ್ಲಾ ಸಾರ್?"

"ಮದುವೆಯಾಗಿದೆ."

"ಅದಲ್ಲ ಸಾರ್. ಲೇಡೀಸ್ ಜೊತೆಗಿಲ್ವಾ? ಸ್ಟ್ಯಾಗ್ ಎಂಟ್ರಿ ಇಲ್ಲ."

ಒಂಟಿ ಗಂಡಸರನ್ನು ಒಳಗೆ ಬಿಡದಿರುವುದು ನಮ್ಮೂರಿನ ಎಷ್ಟೋ ಪಬ್ಬುಗಳ ಅಲಿಖಿತ ಸಂವಿಧಾನ. ಕಾರಣ ನಮ್ಮ ಗಂಡುಕುಲದ ನಡತೆಯೇ, ಅದರಲ್ಲಿ ವಾದ ಮಾಡಲು ಏನೂ ಇಲ್ಲ. ಆದರೂ ನಾನು ವಾದಿಸಿದೆ. ಟಿಕೆಟ್ ತೋರಿಸಿದೆ, "ಇದರ ಷರತ್ತುಗಳಲ್ಲಿ ಹಾಗೆ ಎಲ್ಲಿ ಬರೆದಿದೆ ತೋರಿಸಿ" ಎಂದೆ, ಓದಲೆಂದು ಕನ್ನಡಕ ತೆಗೆದು ಹಾಕಿಕೊಂಡೆ, ಜೇಬಿನಿಂದ ಪೆನ್ನೂ ತೆಗೆದೆ. ಪೆನ್ನು ತೆಗೆದದ್ದೇ ತಡ, ಬೌನ್ಸರ್ ಎರಡು ಹೆಜ್ಜೆ ಹಿಂದೆ ಸರಿದು ವಾಕಿಟಾಕಿಯಲ್ಲಿ ಪಿಸುಗುಟ್ಟಿದ. ಅರೆ ನಿಮಿಷದಲ್ಲಿ ಜುಟ್ಟು ಕಟ್ಟಿದ ಮ್ಯಾನೇಜರನೊಬ್ಬ ಮೆಟ್ಟಿಲು ಹಾರಿಕೊಂಡು ಬಂದ.

"ಬನ್ನಿ ಸಾರ್, ಬನ್ನಿ. ಲೈಸೆನ್ಸ್ ಎಲ್ಲಾ ಕ್ಲಿಯರ್ ಇದೆ ಸಾರ್. ಅಬಕಾರಿಯವರಾ, ಸ್ಟೇಷನ್ನಿಂದನಾ?"

"ಕುಣಿಯೋಕೆ ಬಂದಿದ್ದೀನಿ" ಎಂದೆ.

ಆತ ಜೋರಾಗಿ ನಕ್ಕ. ದೊಡ್ಡವರು ಜೋಕ್ ಮಾಡಿದಾಗ ಚಿಕ್ಕವರು ನಗಬೇಕಾದಷ್ಟು ಹೊತ್ತು ನಕ್ಕು, ನನ್ನನ್ನು ಸೋಫಾದಲ್ಲಿ ಕೂರಿಸಿ, ನಿಂಬೆ ಸೋಡಾ ತರಿಸಿ, ಮುಂದೆ ಒಂದು ಫೈಲ್ ಇಟ್ಟ. ಆಗ ಎದ್ದು ನಿಂತು ನಿಜ ಹೇಳಬಹುದಿತ್ತು. ಆದರೆ ಮುಂದೆ ಫೈಲ್ ಇಟ್ಟರೆ ತೆರೆಯುವುದು ನನ್ನ ಕೈಗೆ ಅಂಟಿದ ಕಾಯಿಲೆ. ತೆರೆದೆ, ಓದಿದೆ.

ಓದಿ ಬೆರಗಾದೆ. ನಾಲ್ಕು ಜನ ಒಂದು ಕೋಣೆಯಲ್ಲಿ ಕುಣಿಯಬೇಕಾದರೆ ಈ ಊರಿನಲ್ಲಿ ಎಷ್ಟು ಕಾಗದ! ಡಿಸ್ಕೊಥೆಕ್, ಕ್ಯಾಬರೆ, ಲೈವ್ ಬ್ಯಾಂಡುಗಳಿಗೆ ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವಿದೆ. ಅದು ಸುಪ್ರೀಂ ಕೋರ್ಟಿನ ತನಕ ಹೋಗಿ 2018ರಲ್ಲಿ ಗಟ್ಟಿಯಾಗಿ ನಿಂತಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದೆನ್ನುವ 2000ದ ಶಬ್ದಮಾಲಿನ್ಯ ನಿಯಮವಿದೆ. ಅದಕ್ಕೇ ಈ ಜನ ನೆಲದ ಕೆಳಗೆ ಇಳಿದಿದ್ದಾರೆ. ಒಂದು ಪುಟದಲ್ಲಿ ಸೀಲು ಇತ್ತು, ಸಹಿ ಇರಲಿಲ್ಲ. ಬೆರಳಿಟ್ಟು ತೋರಿಸಿದೆ. ಮ್ಯಾನೇಜರ್ ಬೆವರೊರೆಸಿಕೊಂಡು, "ಸೋಮವಾರ ಮಾಡಿಸ್ತೀನಿ ಸಾರ್" ಎಂದ. "ಮಾಡಿಸಿ" ಎಂದು ಫೈಲ್ ಮುಚ್ಚಿದೆ. ಫೋನಿಗೆ ಸ್ಟಿಕ್ಕರ್ ಹಚ್ಚುವ ಹುಡುಗಿ ಬಂದಳು. ಆತ ಅವಳನ್ನು ಗದರಿಸಿ ಕಳಿಸಿದ, ಸಾಹೇಬರ ಫೋನ್ ಮುಟ್ಟಬಾರದು ಎಂದು. ನಾನೇ ಹಿಂದೆ ಹೋಗಿ ಬೇಡಿ ಒಂದು ಸ್ಟಿಕ್ಕರ್ ಅಂಟಿಸಿಕೊಂಡು ಬಂದೆ.

ಒಂಟಿಯಾಗಿ ಬಂದ ಗಂಡಸಿಗೆ ನಮ್ಮ ಸಮಾಜ ಎರಡೇ ವೇಷ ಇಟ್ಟಿದೆ. ತಲೆ ಕಪ್ಪಗಿದ್ದರೆ ಪೋಕರಿ, ನರೆತಿದ್ದರೆ ಇನ್‌ಸ್ಪೆಕ್ಟರ್. ಸುಮ್ಮನೆ ಖುಷಿಗೆ ಬಂದವನು ಎಂಬ ಮೂರನೆಯ ಅಂಕಣ ರಿಜಿಸ್ಟರಿನಲ್ಲೇ ಇಲ್ಲ.

9 ಗಂಟೆಯ ತನಕ ಆ ನೆಲಮಾಳಿಗೆಯಲ್ಲಿ ಇದ್ದವರು ನಾನು, ಸ್ಪೀಕರುಗಳು ಮತ್ತು ಒಂದು ಹೊಗೆ ಯಂತ್ರ. 10ರ ಹೊತ್ತಿಗೆ ಮಕ್ಕಳು ಬರತೊಡಗಿದರು. ಮಕ್ಕಳೇ, ಎಲ್ಲರೂ ನನ್ನ ಮಗಳ ವಯಸ್ಸಿನವರು. ಒಂದು ಕೆಂಪು ದೀಪ ಬಿಟ್ಟರೆ ಕತ್ತಲೆ. ಪೆಟ್ಟು ಶುರುವಾದಾಗ ಅದು ಕಿವಿಯನ್ನು ಕೇಳದೆ ನೇರ ಪಕ್ಕೆಲುಬಿಗೆ ಬಂತು. ಶರ್ಟಿನ ಗುಂಡಿಗಳು ನಡುಗಿದವು, ಹಾಕಿಸಿಕೊಂಡಿದ್ದ ಹಲ್ಲಿನ ಕ್ಯಾಪೂ ತಾಳ ಹಾಕಿತು. ನಾನು ಮೆಲ್ಲಗೆ ಅಂಗಳದ ನಡುವಿಗೆ ಹೋದೆ. ನಾನು ನಿಂತಲ್ಲೆಲ್ಲ ಸುತ್ತ ಆರಡಿ ಜಾಗ ಖಾಲಿಯಾಯಿತು. ಮೂಲೆಯಲ್ಲಿ ಸಿಗರೇಟು ಹಚ್ಚಿದ್ದವನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ನೇರವಾಗಿ ನಿಂತ. ಒಬ್ಬಳು ಹುಡುಗಿ ಹತ್ತಿರ ಬಂದು ಕಾಳಜಿಯಿಂದ ಕೇಳಿದಳು: "ಅಂಕಲ್, ಯಾರನ್ನ ಹುಡುಕ್ತಿದ್ದೀರಾ? ಮಗನನ್ನಾ, ಮಗಳನ್ನಾ?"

"ಯಾರನ್ನೂ ಇಲ್ಲಮ್ಮ."

"ಪರವಾಗಿಲ್ಲ ಅಂಕಲ್, ಬೈಬೇಡಿ ಅವರಿಗೆ" ಎಂದು ಹೇಳಿ, ಗೆಳತಿಯರನ್ನು ಎಚ್ಚರಿಸಲು ಓಡಿದಳು.

ಇನ್ನು ತಡೆದರೆ ಆಗುವುದಿಲ್ಲ ಎಂದು ಕುಣಿಯಲು ಶುರು ಮಾಡಿದೆ. ಬಲ್ಬು ತಿರುಗಿಸುವುದನ್ನು ಬಿಟ್ಟರೆ ನನಗೆ ಗೊತ್ತಿರುವ ಹೆಜ್ಜೆ ಯಕ್ಷಗಾನದ್ದು ಮಾತ್ರ. ಕುಂದಾಪುರ ಕಡೆಯ ಗದ್ದೆಗಳಲ್ಲಿ ಬಯಲಾಟ ನೋಡಿ ಬೆಳೆದವನು. ಭಾಗವತರ ಪದಕ್ಕೆ ಚಾಪೆಯ ಮೇಲೆ ನಿದ್ದೆ ಹೋಗಿ, ಚಂಡೆಯ ಪೆಟ್ಟಿಗೆ ಎಚ್ಚೆತ್ತು, ಬಣ್ಣದ ವೇಷ ಕಂಡು ಹೆದರಿ, ಬೆಳಗಿನ ಜಾವ ಚೌಕಿಯ ಹಿಂದೆ ಕತ್ತಲಲ್ಲಿ ಒಬ್ಬನೇ ಕುಣಿದವನು. ಇಡೀ ರಾತ್ರಿ ಪೆಟ್ಟಿಗೆ ಮೈ ಕೊಟ್ಟು ಕೂರುವುದನ್ನು ಬರ್ಲಿನ್ನಿನವರು ನಮಗೆ ಕಲಿಸಬೇಕಾಗಿಲ್ಲ. ಈಗ ನಮ್ಮ ಕಡೆಯೂ ಹಲವು ಮೇಳಗಳು ಕಾಲಮಿತಿಗೆ ಬಂದಿವೆ, ಅದು ಬೇರೆ ದುಃಖ. ಆ ಹಳೆಯ ಹೆಜ್ಜೆಗಳು ಈ ಪೆಟ್ಟಿಗೆ ಸೊಗಸಾಗಿ ಕೂತವು. ಉತ್ಸಾಹ ಹೆಚ್ಚಾಗಿ ಒಂದು ಧೀಂಗಿಣ ಹಾಕಿದೆ. ಹಾರಿ ತಿರುಗಿದ್ದು ಸರಿಯಾಗಿಯೇ ಆಯಿತು. ಇಳಿಯುವಾಗ ಎಡ ಮಂಡಿ 'ಕಟಕ್' ಎಂದಿತು. ಅದು ಎಷ್ಟು ಕರಾರುವಾಕ್ಕಾಗಿ ತಾಳಕ್ಕೆ ಬಿತ್ತೆಂದರೆ ಪಕ್ಕದ ಹುಡುಗರು "ಓಹೋ!" ಎಂದು ಕೈ ಎತ್ತಿದರು. ನಾನು ಹಲ್ಲು ಕಚ್ಚಿ ಅದೂ ನೃತ್ಯದ ಭಾಗವೆಂಬಂತೆ ಕುಂಟಿದೆ. ಇಬ್ಬರು ನನ್ನ ಕುಂಟನ್ನು ಅನುಕರಿಸಿದರು.

ಅಲ್ಲಿಂದ ಮುಂದೆ ಯಾರೂ ನನ್ನನ್ನು ನೋಡಲಿಲ್ಲ. ಇದು ನನ್ನ ಹೆಮ್ಮೆಗೆ ಸ್ವಲ್ಪ ಪೆಟ್ಟೇ. ಎಲ್ಲರೂ ಡಿಜೆ ಕಡೆ ಮುಖ ಮಾಡಿ, ಒಬ್ಬೊಬ್ಬರೂ ತಮ್ಮ ತಮ್ಮಷ್ಟಕ್ಕೆ ಕುಣಿಯುತ್ತಿದ್ದರು. ಜೋಡಿಯಾಗಿ ಬಂದವರೂ ಒಳಗೆ ಬಂದ ಮೇಲೆ ಒಂಟಿಗಳೇ. ಬಾಗಿಲಲ್ಲಿ ಆ ಬೌನ್ಸರ್ ಯಾರ ಒಂಟಿತನವನ್ನು ಕಾಯುತ್ತಿದ್ದನೋ!

ಅನಾಹುತ ಆದದ್ದು ಆಮೇಲೆ. ಮೂರು ನಿಂಬೆ ಸೋಡಾ ತನ್ನ ಕೆಲಸ ತೋರಿಸಿತು. ಪಕ್ಕದವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ, ಇಲ್ಲ. ಎದೆಯ ಉಸಿರನ್ನೆಲ್ಲ ಒಟ್ಟು ಮಾಡಿ ಮೂರನೆಯ ಸಲ ಕೂಗುವುದಕ್ಕೂ ಡಿಜೆ ಸಂಗೀತವನ್ನು ಗಕ್ಕನೆ ನಿಲ್ಲಿಸುವುದಕ್ಕೂ ಸರಿಹೋಯಿತು. ಪೆಟ್ಟನ್ನು ಕಿತ್ತು, ಜನರನ್ನು ಕಾಯಿಸಿ, ಮತ್ತೆ ಒಮ್ಮೆಲೇ ಬಿಡುವುದು ಅವರ ಪಟ್ಟು. ನಿಶ್ಶಬ್ದದಲ್ಲಿ ನೂರೈವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದಾಗ ನನ್ನ ಧ್ವನಿ ನಾಲ್ಕೂ ಗೋಡೆಗೆ ಬಡಿದು ಮೊಳಗಿತು:

"ಇಲ್ಲಿ ಬಾತ್‌ರೂಮ್ ಎಲ್ಲಪ್ಪಾ?"

ಹಿಂದಿನಿಂದ ಯಾರೋ ಅಚ್ಚ ಕನ್ನಡದಲ್ಲಿ ಕೂಗಿ ಹೇಳಿದರು: "ಎಡಗಡೆ ಸಾರ್, ಮೆಟ್ಟಿಲ ಕೆಳಗೆ!" ಆಮೇಲೆ ಪೆಟ್ಟು ಬಿತ್ತು. ಆ ರಾತ್ರಿಯ ಅತಿ ದೊಡ್ಡ ಕೇಕೆ ಎದ್ದದ್ದು ಆಗಲೇ. ಅದು ಯಾರಿಗೆ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಮೆಟ್ಟಿಲ ಕೆಳಗೆ ಸಾಲು ಇತ್ತು. ನನ್ನ ಹಿಂದೆ ನಿಂತ ಹುಡುಗ ಇಣುಕಿ ನೋಡಿ, "ಸಾರ್, ನೀವು ನಮ್ಮ ಬ್ರಾಂಚ್ ಮ್ಯಾನೇಜರ್ ಅಲ್ವಾ?" ಎಂದ. ಕ್ಯಾಮೆರಾಗೆ ಸ್ಟಿಕ್ಕರ್ ಇದೆ, ಗ್ರಾಹಕರಿಗೆ ಇಲ್ಲ. ಇದನ್ನು ಮಗಳು ಹೇಳಿರಲಿಲ್ಲ.

"ಹೌದು" ಎಂದೆ, ಬೆವರಿನಲ್ಲಿ ತೊಯ್ದ ಶರ್ಟನ್ನು ಎಳೆದು ಸರಿಮಾಡಿಕೊಳ್ಳುತ್ತ.

"ಮೊದಲ ಎರಡು ಗಂಟೆ ಬಾರಿಸಿದ್ದು ನಾನೇ ಸಾರ್. ಸೌಂಡ್ ಸಿಸ್ಟಂಗೆ ಮುದ್ರಾ ಲೋನ್ ಕೇಳಿದ್ದೆ, ನೆನಪಿದೆಯಾ? ಅರ್ಜಿ ಜೊತೆ ನಾಲ್ಕು ಪುಟ ಬರೆದು ಕೊಟ್ಟಿದ್ದೆ. ನೀವು ಓದಿಲ್ಲ ಅನ್ಸುತ್ತೆ."

ಓದಿರಲಿಲ್ಲ. ಸಾಲು ನಿಧಾನವಾಗಿತ್ತು. ಹುಡುಗ ದಾವಣಗೆರೆಯವನು, ಆ ನಾಲ್ಕೂ ಪುಟವನ್ನು ನನಗೆ ಬಾಯಲ್ಲೇ ಒಪ್ಪಿಸಿದ. ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಪುಟ್ಟ ಯಂತ್ರ ತಂದಿತಂತೆ. ಮನೆಯಲ್ಲಿ ಒಬ್ಬರೇ ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಗಿಟಾರಿನ ಜೊತೆ ಕೊಡಲು ಮಾಡಿದ್ದು. ಅದರ ದನಿ ಬೇಸ್ ಗಿಟಾರನ್ನು ಹೋಲಲೇ ಇಲ್ಲ. ಯಾರೂ ಕೊಳ್ಳಲಿಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಬಿದ್ದಿದ್ದ ಇಂಥ ಯಂತ್ರವನ್ನು ಶಿಕಾಗೊದ ಹುಡುಗರು ಎತ್ತಿಕೊಂಡು ಹೋಗಿ, ಗುಂಡಿಗಳನ್ನು ಮನಸ್ಸಿಗೆ ಬಂದ ಹಾಗೆ ತಿರುಗಿಸಿ, 1987ರಲ್ಲಿ ಆ್ಯಸಿಡ್ ಹೌಸ್ ಎಂಬ ಪ್ರಕಾರವನ್ನೇ ಹುಟ್ಟಿಸಿದರು.

"ಆದ್ರೆ ಸಾರ್, ಅವರಿಗಿಂತ ಐದು ವರ್ಷ ಮೊದಲೇ ನಮ್ಮವರೊಬ್ಬರು ಮಾಡಿದ್ರು. ಬಾಂಬೆ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸ್ತಿದ್ದ ಚರಣ್‌ಜಿತ್ ಸಿಂಗ್. 1982ರಲ್ಲಿ ಇದೇ 303 ಇಟ್ಕೊಂಡು ಹತ್ತು ರಾಗ ರೆಕಾರ್ಡ್ ಮಾಡಿದ್ರು. ಯಮನ್, ಮಾಲ್ಕೌಂಸ್ ಎಲ್ಲ ಡಿಸ್ಕೊ ತಾಳಕ್ಕೆ. ಆಗ ಯಾರೂ ಕೇಳ್ಲಿಲ್ಲ. 2010ರಲ್ಲಿ ಮತ್ತೆ ಬಂದಾಗ ಪ್ರಪಂಚನೇ ಬೆರಗಾಯ್ತು. 2015ರಲ್ಲಿ ತೀರ್ಕೊಂಡ್ರು ಸಾರ್. ಇಷ್ಟೂ ಬರ್ದಿದ್ದೆ. ನೀವು ಕೆಳಗೆ ಒಂದೇ ಸಾಲು ಬರೆದು ವಾಪಸ್ ಕಳ್ಸಿದ್ರಿ."

"ಏನು ಬರೆದಿದ್ದೆ?"

"'ಪ್ರಸ್ತಾವಿತ ಚಟುವಟಿಕೆಗೆ ಸ್ಥಳೀಯ ಬೇಡಿಕೆ ಕಂಡುಬಂದಿರುವುದಿಲ್ಲ.'"

ಮೇಲೆ ನೂರೈವತ್ತು ಜೊತೆ ಕಾಲುಗಳು ನೆಲ ಕುಟ್ಟುತ್ತಿದ್ದವು. ಸ್ಥಳೀಯ ಬೇಡಿಕೆ ಸ್ವತಃ ಅವನೆದುರು ಶೌಚಾಲಯದ ಸಾಲಿನಲ್ಲಿ, ಒಂದು ಕಾಲಿನ ಮೇಲೆ ನಿಂತಿತ್ತು. ಇಂಥ ಹೊತ್ತಿನಲ್ಲಿ ಬ್ಯಾಂಕಿನವನು ಹೇಳಬಹುದಾದ ಮಾತು ಒಂದೇ. "ಸೋಮವಾರ ಬಾ, ನೋಡೋಣ" ಎಂದೆ.

ಬೆಂಗಳೂರಿನ ಗಡುವು ರಾತ್ರಿ 1 ಗಂಟೆ. ಬರ್ಲಿನ್ನಿನಲ್ಲಿ ಜನ ಆಗತಾನೇ ಸ್ನಾನ ಮಾಡಿ ಹೊರಡುವ ಹೊತ್ತಿಗೆ ನಮ್ಮಲ್ಲಿ ಟ್ಯೂಬ್‌ಲೈಟ್ ಹತ್ತುತ್ತದೆ. ಬೆಳಕಿನಲ್ಲಿ ನನ್ನನ್ನು ಕಂಡ ಜುಟ್ಟಿನ ಮ್ಯಾನೇಜರ್ ಓಡಿ ಬಂದು, "ಕರೆಕ್ಟಾಗಿ ಒಂದಕ್ಕೆ ನಿಲ್ಸಿದ್ದೀವಿ ಸಾರ್" ಎಂದು ವರದಿ ಒಪ್ಪಿಸಿದ. "ಗುಡ್" ಎಂದೆ. ಅವನ ನಂಬಿಕೆಯನ್ನು ಆ ಹೊತ್ತಿನಲ್ಲಿ ಕೆಡಿಸುವುದು ಬೇಡವೆನಿಸಿತು. ಬೌನ್ಸರ್ ಸಲ್ಯೂಟ್ ಹೊಡೆದ. ಹೊರಗೆ ನನ್ನ ಗಡ್ಡಕ್ಕೂ ಕಪ್ಪು ಶರ್ಟಿಗೂ ಯಾವ ಆಟೊದವನೂ ಕರಗಲಿಲ್ಲ. ಆ ಹೊತ್ತಿನಲ್ಲಿ ಬಾರಿನ ಎದುರು ನಿಂತವನು ಸ್ವಾಮಿಯಲ್ಲ ಎನ್ನುವುದು ಅವರಿಗೂ ಗೊತ್ತು. ಮೂರು ಪಟ್ಟು ಕೊಟ್ಟು ಮನೆ ಸೇರಿದೆ.

ಹೆಂಡತಿ ಬಾಗಿಲು ತೆಗೆದಳು. ಅವಳ ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಕಿವಿಯಲ್ಲಿ ಜೀರುಂಡೆಗಳ ಮಹಾಸಭೆ. ಕುಣಿದ್ರಾ ಎಂದು ಕೇಳಿರಬೇಕೆಂದು ಊಹಿಸಿ ಉತ್ತರ ಕೊಟ್ಟೆ. ಮೆತ್ತಗೆ ಹೇಳಿದೆ ಎಂದೇ ನನ್ನ ಭಾವನೆ. ಬೆಳಿಗ್ಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಕಾರ್ಯದರ್ಶಿಗಳ ಸಂದೇಶವಿತ್ತು: "ರಾತ್ರಿ 2 ಗಂಟೆಗೆ ಮೂರನೇ ಮಹಡಿಯಲ್ಲಿ 'ಕುಣಿದೆ ಕಣೇ, ಧೀಂಗಿಣ ಹಾಕಿದೆ' ಎಂದು ಕಿರುಚಿದವರು ದಯವಿಟ್ಟು ಇತರ ನಿವಾಸಿಗಳ ನಿದ್ದೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು." ಅದರ ಕೆಳಗೆ ಐವತ್ತಕ್ಕೂ ಹೆಚ್ಚು ನಗುವ ಮುಖಗಳು. ಒಬ್ಬ ಪುಣ್ಯಾತ್ಮ ಬಲ್ಬಿನ ಚಿತ್ರ ಹಾಕಿದ್ದ.

ಇಷ್ಟಾದರೂ, ಐವತ್ತು ದಾಟಿದ ಓದುಗರೇ, ನನ್ನ ತೀರ್ಪು ಇದು: ಹೋಗಿ, ಒಬ್ಬರೇ ಹೋಗಿ. ಒಂಟಿಯಾಗಿ ಕುಣಿಯುವುದಕ್ಕೆ ಬೇಕಾದ ಧೈರ್ಯ ಬಾಗಿಲ ತನಕ ಮಾತ್ರ ಸಾಕು, ಒಳಗೆ ಎಲ್ಲರೂ ಒಂಟಿಗಳೇ. 9 ಗಂಟೆಗೆ ಮೊದಲು ಕಾಲಿಡಬೇಡಿ. ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳಬೇಡಿ. ಧೀಂಗಿಣವನ್ನು ಮಂಡಿಯ ಡಾಕ್ಟರನ್ನು ಕೇಳಿ ಹಾಕಿ. ಇಂಥ ಜಾಗಗಳಲ್ಲಿ ಶಬ್ದ ಸರಾಸರಿ 100 ಡೆಸಿಬಲ್ ಮೀರಬಾರದು, ಬಂದವರಿಗೆ ಕಿವಿರಕ್ಷಕ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಸಿಗಲಿ ಬಿಡಲಿ, ಮೆಡಿಕಲ್ ಶಾಪಿನಲ್ಲಿ ಇಯರ್‌ಪ್ಲಗ್ ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಮುಗಿಯುವ ಹೊತ್ತಿಗೆ ಮೆಟ್ರೊ ಇರುವುದಿಲ್ಲ. ಆಟೊಗೆ ಮೂರು ಪಟ್ಟು ದುಡ್ಡನ್ನು ಬೇರೆ ತೆಗೆದಿಡಿ.